ಕೇಳಿ ತೆಗೆದ ಫೋಟೊ, ಕದ್ದು ತೆಗೆದ ಫೋಟೊ: ಹರಾಜುಕುವಿನಿಂದ ಚರ್ಚ್ ಸ್ಟ್ರೀಟಿನವರೆಗೆ

2025ರ ಜುಲೈನಲ್ಲಿ ಬೆಂಗಳೂರು ಪೊಲೀಸರು ಒಬ್ಬ ಯುವಕನನ್ನು ಬಂಧಿಸಿದರು. ಚರ್ಚ್ ಸ್ಟ್ರೀಟಿನಲ್ಲಿ ನಡೆದು ಹೋಗುವ ಹೆಣ್ಣುಮಕ್ಕಳನ್ನು ಅವರಿಗೆ ಗೊತ್ತಾಗದ ಹಾಗೆ ವಿಡಿಯೊ ಮಾಡಿ ಇನ್‌ಸ್ಟಾಗ್ರಾಂಗೆ ಹಾಕುತ್ತಿದ್ದ ಎಂಬುದು ಆರೋಪ. ಬೀದಿಯ ಗದ್ದಲ ತೋರಿಸುವುದು ನೆಪ, ಕ್ಯಾಮೆರಾ ತಿರುಗುತ್ತಿದ್ದದ್ದು ಹುಡುಗಿಯರ ಕಡೆ. ತನ್ನ ವಿಡಿಯೊ ಕಂಡ ಒಬ್ಬ ಯುವತಿ, ಇದರಿಂದ ತನಗೆ ಅಸಹ್ಯ ಮೆಸೇಜುಗಳು ಬರುತ್ತಿವೆ ಎಂದು ಧೈರ್ಯವಾಗಿ ಹೇಳಿಕೊಂಡ ಮೇಲೆ ವಿಷಯ ಹೊರಗೆ ಬಂತು. ಅದಕ್ಕೆ ಎರಡು ತಿಂಗಳ ಮುಂಚೆ ನಮ್ಮ ಮೆಟ್ರೊದಲ್ಲೂ ಇಂಥದ್ದೇ ಒಂದು ಪ್ರಕರಣ ಆಗಿತ್ತು.

ಸುದ್ದಿ ಓದಿ ಸಿಟ್ಟು ಬಂತು. ಜೊತೆಗೆ ಒಂದು ಕಸಿವಿಸಿಯೂ ಆಯಿತು. ಯಾಕೆಂದರೆ ನಾನೂ ಜನರನ್ನು ನೋಡುವವಳೇ. ಯಾವ ಊರಿಗೆ ಹೋದರೂ ನಾನು ಮೊದಲು ಹುಡುಕುವುದು ಕೂತುಕೊಳ್ಳಲು ಒಂದು ಕಟ್ಟೆ. ಕೋಟೆ, ಮ್ಯೂಸಿಯಂ ಎಲ್ಲ ಆಮೇಲೆ. ಯಾರು ಏನು ಉಟ್ಟಿದ್ದಾರೆ, ಸೆರಗು ಯಾವ ಕಡೆ ಬಂದಿದೆ, ಹಳೇ ಕೋಟಿಗೆ ಯಾವ ಗುಂಡಿ ಹೊಲಿಸಿಕೊಂಡಿದ್ದಾರೆ, ಇದನ್ನೆಲ್ಲ ಗಂಟೆಗಟ್ಟಲೆ ನೋಡುತ್ತ ಕೂರುತ್ತೇನೆ. ಹಾಗಾದರೆ ನನಗೂ ಆ ಯುವಕನಿಗೂ ಏನು ವ್ಯತ್ಯಾಸ? ಅವನ ಕೈಯಲ್ಲಿ ಫೋನ್ ಇತ್ತು, ನನ್ನ ಕೈಯಲ್ಲಿ ಇರಲಿಲ್ಲ ಅನ್ನುವುದು ಅಷ್ಟೇನಾ?

ಉತ್ತರಕ್ಕೆ ನಾನು ಒಂದು ಬೀದಿಯ ಕಥೆ ಹೇಳಬೇಕು. ಬಟ್ಟೆ ನೋಡುವುದಕ್ಕೆಂದೇ ಜಗತ್ತಿನ ಜನ ಹೋಗುತ್ತಿದ್ದ ಬೀದಿ ಅದು. ಟೋಕಿಯೊದ ಹರಾಜುಕು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೈನಿಕರ ಕುಟುಂಬಗಳಿಗೆ ಅಲ್ಲೇ ಪಕ್ಕದಲ್ಲಿ ಮನೆ ಕಟ್ಟಿಸಿದ್ದರು. ವಾಷಿಂಗ್ಟನ್ ಹೈಟ್ಸ್ ಅಂತ ಅದರ ಹೆಸರು. ಅವರಿಗಾಗಿ ಆಟಿಕೆ ಅಂಗಡಿ, ಉಡುಗೊರೆ ಅಂಗಡಿಗಳು ಬಂದವು. 1964ರ ಒಲಿಂಪಿಕ್ಸ್‌ಗೆ ಆ ಜಾಗ ಆಟಗಾರರ ಊರಾಯಿತು, 1967ರಲ್ಲಿ ಯೊಯೊಗಿ ಪಾರ್ಕ್ ಆಯಿತು. ಒಂದು ಕಡೆ ಮೇಜಿ ದೇವಾಲಯದ ಕಾಡು, ಇನ್ನೊಂದು ಕಡೆ ಪಾರ್ಕು, ನಡುವೆ ಸಣ್ಣ ಸಣ್ಣ ಗಲ್ಲಿಗಳು.

1977ರಲ್ಲಿ ಒಂದು ತೀರ್ಮಾನ ಆಯಿತು. ಭಾನುವಾರ ಇಲ್ಲಿನ ದೊಡ್ಡ ರಸ್ತೆಗೆ ವಾಹನ ಬಿಡುವುದಿಲ್ಲ, ಜನ ನಡೆದಾಡಲಿ ಅಂತ. ಜಪಾನಿನಲ್ಲಿ ಇದನ್ನು ‘ಹೊಕೊತೆನ್’ ಅನ್ನುತ್ತಾರೆ, ಅಂದರೆ ನಡೆಯುವವರ ಸ್ವರ್ಗ. ಖಾಲಿ ರಸ್ತೆ ಸಿಕ್ಕಿದ ಕೂಡಲೇ ಹುಡುಗರು ಟೇಪ್‌ರೆಕಾರ್ಡರ್ ತಂದಿಟ್ಟು ಕುಣಿಯಲು ಶುರು ಮಾಡಿದರು. ‘ಬೊಟೀಕ್ ತಕೆನೊಕೊ’ ಎಂಬ ಸಣ್ಣ ಅಂಗಡಿಯಲ್ಲಿ ಸಿಗುತ್ತಿದ್ದ ಕಣ್ಣು ಕುಕ್ಕುವ ಬಣ್ಣದ ದೊಗಲೆ ಬಟ್ಟೆ ಹಾಕಿಕೊಂಡು ಬರುತ್ತಿದ್ದರು. ಆ ಗುಂಪಿಗೆ ಅಂಗಡಿಯ ಹೆಸರೇ ಬಂತು. ತಕೆನೊಕೊ-ಝೊಕು, ಅಂದರೆ ತಕೆನೊಕೊ ಬಳಗ.

ಇದು ನನಗೆ ನಮ್ಮ ಜಾತ್ರೆಯ ಹಾಗೆ ಕಾಣುತ್ತದೆ. ತೇರಿನ ದಿನ ಹೊಸ ಬಟ್ಟೆ ಹಾಕಿಕೊಂಡು ಹೋಗುವುದು ದೇವರನ್ನು ನೋಡುವುದಕ್ಕೆ ಮಾತ್ರ ಅಲ್ಲ, ಅಲ್ವಾ? ನಾವು ನಾಲ್ಕು ಜನರನ್ನು ನೋಡಬೇಕು, ನಾಲ್ಕು ಜನ ನಮ್ಮನ್ನು ನೋಡಬೇಕು. ನೋಡುವವರೂ ನೋಡಿಸಿಕೊಳ್ಳುವವರೂ ಒಬ್ಬರೇ. ಇಬ್ಬರಿಗೂ ಅದು ಗೊತ್ತು. ಹರಾಜುಕುವಿನ ಭಾನುವಾರ ಇಪ್ಪತ್ತು ವರ್ಷ ಹೀಗೆ ವಾರದ ಜಾತ್ರೆಯಾಗಿತ್ತು.

ಅಲ್ಲಿನ ಅಂಗಡಿಗಳ ಬಗ್ಗೆಯೂ ಹೇಳಬೇಕು. ಇಂಡಿಪೆಂಡೆಂಟ್ ಫ್ಯಾಷನ್ ಅಂದರೆ ದೊಡ್ಡ ಕಂಪನಿಯ ಹಂಗಿಲ್ಲದೆ, ಒಬ್ಬರೋ ಇಬ್ಬರೋ ತಾವೇ ಡಿಸೈನ್ ಮಾಡಿ, ಸ್ವಲ್ಪ ಸ್ವಲ್ಪ ಹೊಲಿಸಿ, ತಾವೇ ಮಾರುವುದು. ಅದಕ್ಕೆ ಮೊದಲು ಬೇಕಾದದ್ದು ಕಡಿಮೆ ಬಾಡಿಗೆಯ ಜಾಗ. ಮುಖ್ಯ ರಸ್ತೆಯ ಹಿಂದಿನ ಗಲ್ಲಿಗಳಲ್ಲಿ ಅದು ಸಿಗುತ್ತಿತ್ತು. ಆ ಗಲ್ಲಿಗಳಿಗೆ ‘ಉರಾ-ಹರಾಜುಕು’ ಅನ್ನುತ್ತಾರೆ, ಹಿಂಬದಿಯ ಹರಾಜುಕು. 1993ರಲ್ಲಿ ನಿಗೊ ಮತ್ತು ಜುನ್ ತಕಹಾಶಿ ಎಂಬ ಇಬ್ಬರು ಯುವಕರು ಅಲ್ಲಿ ‘ನೋವೇರ್’ ಅಂತ ಒಂದು ಅಂಗಡಿ ತೆರೆದರು. ನಿಗೊ ಅವರ ‘ಎ ಬೇದಿಂಗ್ ಏಪ್’ ಜಗತ್ತಿಗೆಲ್ಲ ಗೊತ್ತಾಯಿತು. ಅವರು 2021ರಲ್ಲಿ ಪ್ಯಾರಿಸ್ಸಿನ ಕೆಂಜೊ ಕಂಪನಿಯ ಮುಖ್ಯ ಡಿಸೈನರ್ ಆದರು. ತಕಹಾಶಿ ಅವರ ‘ಅಂಡರ್‌ಕವರ್’ 2002ರಿಂದ ಪ್ಯಾರಿಸ್ಸಿನಲ್ಲಿ ಷೋ ಮಾಡುತ್ತಿದೆ. 1995ರಲ್ಲಿ ಸೆಬಾಸ್ಟಿಯನ್ ಮಸುದ ಅವರು ‘ಸಿಕ್ಸ್ ಪರ್ಸೆಂಟ್ ಡೊಕಿಡೊಕಿ’ ಎಂಬ ಬಣ್ಣಬಣ್ಣದ ಅಂಗಡಿ ಶುರು ಮಾಡಿದರು. ಎಲ್ಲ ಸಣ್ಣ ಅಂಗಡಿಗಳೇ.

ಇಂಥ ಅಂಗಡಿಗೆ ಜಾಹೀರಾತು ಕೊಡಲು ದುಡ್ಡಿರುವುದಿಲ್ಲ. ಹಾಗಾದರೆ ಜನರಿಗೆ ಗೊತ್ತಾಗುವುದು ಹೇಗೆ? ಬೀದಿಯಲ್ಲಿ ಒಬ್ಬಳು ಹಾಕಿಕೊಂಡದ್ದನ್ನು ಇನ್ನೊಬ್ಬಳು ನೋಡಿ, ಎಲ್ಲಿ ತಗೊಂಡೆ ಅಂತ ಕೇಳಬೇಕು. ಬೇರೆ ದಾರಿ ಇಲ್ಲ. ಈ ಕೇಳುವ ಕೆಲಸವನ್ನೇ ಒಬ್ಬ ಫೋಟೊಗ್ರಾಫರ್ ಇಪ್ಪತ್ತು ವರ್ಷ ಮಾಡಿದರು.

ಶೊಯಿಚಿ ಅಓಕಿ ಅವರು 1985ರಲ್ಲಿ ‘ಸ್ಟ್ರೀಟ್’ ಎಂಬ ಪತ್ರಿಕೆ ಶುರು ಮಾಡಿದ್ದರು. ಲಂಡನ್, ಪ್ಯಾರಿಸ್ ಬೀದಿಗಳ ಜನರ ಬಟ್ಟೆಯನ್ನು ಜಪಾನಿಗೆ ತೋರಿಸುವುದು ಅದರ ಕೆಲಸ. 90ರ ದಶಕದ ನಡುವಿನಲ್ಲಿ ಅವರ ಕಣ್ಣು ತಮ್ಮ ಊರಿನ ಹುಡುಗಿಯರ ಮೇಲೆ ಬಿತ್ತು. ಕಿಮೋನೊದ ಭಾಗಗಳನ್ನು ಸ್ಕರ್ಟಿನ ಜೊತೆ, ಸೆಕೆಂಡ್ ಹ್ಯಾಂಡ್ ಬಟ್ಟೆಯ ಜೊತೆ ಸೇರಿಸಿ ಅವರು ಹೊಸದೇನೋ ಕಟ್ಟುತ್ತಿದ್ದರು. ಯಾವ ಡಿಸೈನರೂ ಹೇಳಿಕೊಟ್ಟದ್ದಲ್ಲ. 1997ರಲ್ಲಿ ಅಓಕಿ ‘ಫ್ರೂಟ್ಸ್’ ಪತ್ರಿಕೆ ತಂದರು.

ಆ ಪತ್ರಿಕೆಯ ಒಂದು ಪುಟ ಹೇಗಿರುತ್ತದೆ ಅಂತ ಹೇಳುತ್ತೇನೆ, ನನ್ನ ಮಾತೆಲ್ಲ ಆ ಪುಟದ ಮೇಲೇ ನಿಂತಿದೆ. ನಡುವೆ ಒಬ್ಬ ಹುಡುಗಿ, ತಲೆಯಿಂದ ಕಾಲಿನವರೆಗೆ ಪೂರ್ತಿ. ನೇರವಾಗಿ ಕ್ಯಾಮೆರಾ ನೋಡುತ್ತ ನಿಂತಿದ್ದಾಳೆ. ಪಕ್ಕದಲ್ಲಿ ಸಣ್ಣ ಅಕ್ಷರದ ಬರಹ. ವಯಸ್ಸು ಎಷ್ಟು, ಏನು ಮಾಡುತ್ತಿದ್ದಾಳೆ. ಅಂಗಿ ಎಲ್ಲಿಯದು, ಸ್ಕರ್ಟ್ ಎಲ್ಲಿಯದು, ಬೂಟು ಎಲ್ಲಿಯದು. ಇವತ್ತಿನ ಉಡುಪಿನಲ್ಲಿ ವಿಶೇಷ ಏನು, ಅದೂ ಅವಳ ಬಾಯಲ್ಲೇ. ಪುಟ ತಿರುಗಿಸುತ್ತ ಹೋದರೆ ಎರಡು ಮಾತು ಮತ್ತೆ ಮತ್ತೆ ಸಿಗುತ್ತವೆ: ‘ಸೆಕೆಂಡ್ ಹ್ಯಾಂಡ್’, ‘ಕೈಯಲ್ಲಿ ಮಾಡಿದ್ದು’.

ಈ ಬರಹ ಎಷ್ಟು ಕೆಲಸ ಮಾಡುತ್ತದೆ ನೋಡಿ. ಫೋಟೊ ತೆಗೆಯುವವರು ನಿಲ್ಲಿಸಿ ಮಾತಾಡಿಸದೆ ಇದು ಸಿಗುವುದೇ ಇಲ್ಲ. ಹುಡುಗಿಗೆ ಬೇಡ ಅನ್ನುವ ಅವಕಾಶ ಇದೆ. ಹೂಂ ಅಂದರೆ, ಹೇಗೆ ನಿಲ್ಲಬೇಕು ಅನ್ನುವುದು ಅವಳ ಕೈಯಲ್ಲಿದೆ. ಅಂಗಡಿಯ ಹೆಸರು ಅಚ್ಚಾಗುತ್ತದೆ, ಮುಂದಿನ ಭಾನುವಾರ ಅಲ್ಲಿಗೆ ನಾಲ್ಕು ಜನ ಹೋಗುತ್ತಾರೆ. ತಾನೇ ಹೊಲಿದುಕೊಂಡವಳ ಬುದ್ಧಿಗೆ ಗೌರವ ಸಿಗುತ್ತದೆ. ನೋಡಿದವರು ನೋಡಿದ್ದಕ್ಕೆ ಏನನ್ನೋ ವಾಪಸ್ ಕೊಟ್ಟರು. ಬೀದಿ ಫ್ಯಾಷನ್ ಬದುಕಿದ್ದೇ ಈ ಕೊಡು-ಕೊಳ್ಳುವಿಕೆಯಿಂದ ಅಂತ ನಾನು ನಂಬಿದ್ದೇನೆ.

ಹಾಗಿದ್ದರೂ 2017ರಲ್ಲಿ, 233 ಸಂಚಿಕೆ ತಂದ ಮೇಲೆ, ಅಓಕಿ ‘ಫ್ರೂಟ್ಸ್’ ನಿಲ್ಲಿಸಿದರು. ಫೋಟೊ ತೆಗೆಯಬೇಕು ಅನ್ನಿಸುವಂಥ ಮಕ್ಕಳು ಈಗ ಸಿಗುತ್ತಿಲ್ಲ ಎಂಬುದು ಅವರು ಕೊಟ್ಟ ಕಾರಣ. ಅದೇ ವರ್ಷ ಬೀದಿ ಫ್ಯಾಷನ್ನಿನದ್ದೇ ಆದ ‘ಕೆರಾ’ ಪತ್ರಿಕೆಯೂ ಮುದ್ರಣ ನಿಲ್ಲಿಸಿತು.

ಏನಾಯಿತು ಆ ಮಕ್ಕಳಿಗೆ?

ಮೊದಲು ರಸ್ತೆ ಹೋಯಿತು. 1998ರಲ್ಲಿ ಭಾನುವಾರದ ಹೊಕೊತೆನ್ ಮುಗಿಯಿತು, ವಾಹನಗಳು ವಾಪಸ್ ಬಂದವು. ಇದೊಂದೇ ಕಾರಣ ಎಂದು ಹೇಳುವವರಿದ್ದಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ‘ಫ್ರೂಟ್ಸ್’ನ ಬಹುಪಾಲು ಸಂಚಿಕೆಗಳು ಬಂದದ್ದು 1998ರ ನಂತರವೇ. ರಸ್ತೆ ಹೋದರೂ ಮಕ್ಕಳು ಸ್ಟೇಷನ್ ಪಕ್ಕದ ಜಿಂಗು ಸೇತುವೆಯ ಮೇಲೆ ಸೇರುತ್ತಿದ್ದರು. ಆದರೆ ಸುಮ್ನೆ ನಿಲ್ಲಲು, ದುಡ್ಡು ಕೊಡದೆ ಕೂರಲು ಇದ್ದ ಜಾಗ ಕಡಿಮೆಯಾಯಿತು ಅನ್ನುವುದು ನಿಜ.

ಆಮೇಲೆ ಕಟ್ಟಡಗಳು ಹೋದವು. ಹರಾಜುಕುವಿನ ಒಮೊತೆಸಾಂದೊ ರಸ್ತೆಯಲ್ಲಿ 1927ರ ಸುಮಾರಿಗೆ ಕಟ್ಟಿದ ಹಳೇ ಅಪಾರ್ಟ್‌ಮೆಂಟ್‌ಗಳಿದ್ದವು. 1923ರ ದೊಡ್ಡ ಭೂಕಂಪದ ನಂತರ ಸಾಮಾನ್ಯ ಜನರಿಗಾಗಿ ಕಟ್ಟಿದ್ದು. ಗೋಡೆಗೆ ಬಳ್ಳಿ ಹಬ್ಬಿತ್ತು, ಒಳಗೆ ಪುಟ್ಟ ಗ್ಯಾಲರಿ, ಪುಟ್ಟ ಬೊಟೀಕ್‌ಗಳಿದ್ದವು. 2003ರಲ್ಲಿ ಅವನ್ನು ಕೆಡವಿದರು. 2006ರಲ್ಲಿ ಅಲ್ಲಿ ತದಾವೊ ಆಂದೊ ಅವರ ವಿನ್ಯಾಸದ ಒಮೊತೆಸಾಂದೊ ಹಿಲ್ಸ್ ಮಾಲ್ ಬಂತು. ಕಟ್ಟಡ ಚೆನ್ನಾಗಿದೆ. ಆದರೆ ಅಲ್ಲಿನ ಬಾಡಿಗೆ ಕೊಟ್ಟು ವಾರಕ್ಕೆ ಹತ್ತು ಅಂಗಿ ಮಾರುವ ಹುಡುಗಿ ಬದುಕಲಾರಳು. ದುಬಾರಿ ಬ್ರ್ಯಾಂಡ್ ಲೂಯಿ ವಿಟಾನ್ 2002ರಲ್ಲೇ ಅದೇ ರಸ್ತೆಗೆ ಬಂದಿತ್ತು.

ಅಗ್ಗದ ಬಟ್ಟೆಯ ಕಂಪನಿಗಳು ಇನ್ನೊಂದು ಕಡೆಯಿಂದ ಬಂದವು. ಯುನಿಕ್ಲೊ 1998ರಲ್ಲಿ ಹರಾಜುಕುವಿನಲ್ಲಿ ಮಳಿಗೆ ತೆರೆದು 1,900 ಯೆನ್‌ಗೆ ಫ್ಲೀಸ್ ಜಾಕೆಟ್ ಮಾರಿತು. 2008ರಲ್ಲಿ ಎಚ್ ಆ್ಯಂಡ್ ಎಂ, 2009ರಲ್ಲಿ ಫಾರೆವರ್ 21. ಹೊಸ ಬಟ್ಟೆ ಇಷ್ಟು ಅಗ್ಗಕ್ಕೆ ಸಿಕ್ಕರೆ ಹಳೆಯದನ್ನು ಕತ್ತರಿಸಿ ಹೊಲಿಯುವ ಕಷ್ಟ ಯಾರಿಗೆ ಬೇಕು? ಹದಿನೇಳು ವರ್ಷದ ಹುಡುಗಿಯನ್ನು ನಾನು ದೂರುವುದಿಲ್ಲ. ಅವಳ ಜೇಬಿನಲ್ಲಿ ಇರುವುದೇ ಅಷ್ಟು.

ಆದರೆ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಕಾರಣ ಫೋನು. ಮೊದಲು, ನೀನು ಕಟ್ಟಿಕೊಂಡ ಉಡುಪನ್ನು ಯಾರಾದರೂ ನೋಡಬೇಕು ಅಂದರೆ ಭಾನುವಾರ ರೈಲು ಹತ್ತಿ ಹರಾಜುಕುವಿಗೆ ಬರಬೇಕಿತ್ತು. ಅಲ್ಲಿ ನಿನ್ನ ಹಾಗೆ ಬಂದವರೇ ನಿನ್ನನ್ನು ನೋಡುತ್ತಿದ್ದರು. ಈಗ ಮನೆಯ ಕನ್ನಡಿ ಮುಂದೆ ನಿಂತು ಫೋಟೊ ತೆಗೆದು ಹಾಕಿದರೆ ಆಯಿತು. ಬೀದಿಗೆ ಬರುವ ಅಗತ್ಯವೇ ಹೋಯಿತು. ಬೀದಿಗೆ ಬಂದರೆ ಏನು ಕಾದಿದೆ ಅನ್ನುವುದೂ ಬದಲಾಯಿತು.

ಜಪಾನಿಗೆ 2013ರಲ್ಲಿ ಒಂದು ಕೋಟಿಗಿಂತ ಸ್ವಲ್ಪ ಜಾಸ್ತಿ ವಿದೇಶಿ ಪ್ರವಾಸಿಗರು ಬಂದಿದ್ದರು. 2024ರಲ್ಲಿ ಬಂದವರು 3 ಕೋಟಿ 68 ಲಕ್ಷ. ನಾನೂ ಹಾಗೆ ಹೋದವಳೇ. ಭಾನುವಾರ ಮಧ್ಯಾಹ್ನ ಹರಾಜುಕುವಿನ ತಕೆಶಿತಾ ಬೀದಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಎಲ್ಲರೂ ವಿಶೇಷ ಉಡುಪಿನವರನ್ನು ಹುಡುಕುತ್ತಿದ್ದೆವು. ನಾವೆಲ್ಲ ಜೀನ್ಸ್, ಟೀಶರ್ಟು. ತುಂಬ ಹೊತ್ತಿನ ಮೇಲೆ ಒಬ್ಬಳು ಬಂದಳು. ತಿಳಿ ನೀಲಿ ಲೇಸಿನ ಗೌನು, ತಲೆಗೆ ಬಾನೆಟ್ಟು, ಕೈಯಲ್ಲಿ ಅದೇ ಬಣ್ಣದ ಕೊಡೆ. ಎಷ್ಟು ನಾಜೂಕಾಗಿ ಎಲ್ಲ ಹೊಂದಿಸಿಕೊಂಡಿದ್ದಳು! ಒಂದೇ ಸಲಕ್ಕೆ ಏಳೆಂಟು ಫೋನುಗಳು ಮೇಲೆದ್ದವು. ಯಾರೂ ಒಂದು ಮಾತೂ ಕೇಳಲಿಲ್ಲ. ಅವಳು ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದು ಬೇಗ ಬೇಗ ನಡೆದು ಗಲ್ಲಿಯೊಳಗೆ ಹೋಗಿಬಿಟ್ಟಳು.

ನನ್ನ ಫೋನು ಚೀಲದಲ್ಲೇ ಇತ್ತು. ಆದರೂ ಆ ಗುಂಪಿನಲ್ಲಿ ನಾನೂ ನಿಂತಿದ್ದೆ. ಆ ಕೊಡೆ ನನಗೂ ಅಡ್ಡ ಬಂದದ್ದು.

ಈ ವಿಷಯದಲ್ಲಿ ಜಪಾನಿನ ಕೋರ್ಟು ಬಹಳ ಹಿಂದೆಯೇ ಒಂದು ತೀರ್ಪು ಕೊಟ್ಟಿದೆ. 2003ರಲ್ಲಿ ಟೋಕಿಯೊದ ಗಿಂಜಾ ಬೀದಿಯಲ್ಲಿ ಒಬ್ಬ ಮಹಿಳೆ ನಡೆದು ಹೋಗುತ್ತಿದ್ದರು. ಅವರ ಅಂಗಿಯ ಎದೆಯ ಮೇಲೆ ಎದ್ದು ಕಾಣುವ ದೊಡ್ಡ ಅಕ್ಷರಗಳಿದ್ದವು. ಬೀದಿ ಫ್ಯಾಷನ್ ತೋರಿಸುವ ಒಂದು ಜಾಲತಾಣದವರು ಕೇಳದೆ ಫೋಟೊ ತೆಗೆದು ಹಾಕಿದರು. ಅದು ಅಲ್ಲಿಂದ ಬೇರೆ ಕಡೆಗೆ ಹೋಗಿ, ಜನ ಹೊಲಸು ಮಾತು ಬರೆದರು. ಆ ಮಹಿಳೆ ಕೋರ್ಟಿಗೆ ಹೋದರು. 2005ರಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ ಅವರಿಗೆ ಮೂರೂವರೆ ಲಕ್ಷ ಯೆನ್ ಪರಿಹಾರ ಕೊಡಿಸಿತು. ಫ್ಯಾಷನ್ ತೋರಿಸುವ ಉದ್ದೇಶ ತಪ್ಪಲ್ಲ, ಆದರೆ ಒಪ್ಪಿಗೆ ಇಲ್ಲದೆ, ಯಾರೆಂದು ಗುರುತಾಗುವ ಹಾಗೆ ದೊಡ್ಡದಾಗಿ ತೆಗೆದು ಹಾಕಿದ್ದು ತಪ್ಪು ಅನ್ನುವುದು ತೀರ್ಪಿನ ತಿರುಳು. ಬೀದಿಯಲ್ಲಿ ನಾಲ್ಕು ಜನರ ಎದುರು ನಡೆಯಲು ಒಪ್ಪಿದವರು, ನಾಲ್ಕು ಲಕ್ಷ ಜನರ ಎದುರು ನಿಲ್ಲಲು ಒಪ್ಪಿದ್ದಾರೆ ಅಂತ ಅಲ್ಲ.

ಕ್ಯೋಟೊ ನಗರದ ಗಿಯೋನ್ ಬಡಾವಣೆಯವರು ಇನ್ನೂ ಮುಂದೆ ಹೋದರು. ಕೆಲಸಕ್ಕೆ ಹೋಗುವ ಮೈಕೊಗಳನ್ನು, ಅಂದರೆ ಹಾಡು-ಕುಣಿತದ ಗೇಯ್ಶಾ ಕಲೆ ಕಲಿಯುತ್ತಿರುವ ಹುಡುಗಿಯರನ್ನು, ಪ್ರವಾಸಿಗರು ಅಟ್ಟಿಸಿಕೊಂಡು ಹೋಗುತ್ತಿದ್ದರು, ಕಿಮೋನೊ ಎಳೆಯುತ್ತಿದ್ದರು. 2019ರಲ್ಲಿ ಅಲ್ಲಿನ ನಿವಾಸಿಗಳು ಖಾಸಗಿ ಗಲ್ಲಿಗಳಲ್ಲಿ ಫೋಟೊ ತೆಗೆದರೆ 10,000 ಯೆನ್ ಎಂದು ಬೋರ್ಡ್ ಹಾಕಿದರು. 2024ರಲ್ಲಿ ಆ ಗಲ್ಲಿಗಳಿಗೆ ಪ್ರವಾಸಿಗರು ಬರುವುದೇ ಬೇಡ ಎಂದುಬಿಟ್ಟರು.

ನಮ್ಮಲ್ಲಿ? ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಹೆಣ್ಣುಮಕ್ಕಳನ್ನು ಕದ್ದು ನೋಡುವುದು, ಚಿತ್ರ ತೆಗೆಯುವುದರ ಬಗ್ಗೆ ಇದೆ. ಆದರೆ ಅದು ಹೇಳುವುದು ಖಾಸಗಿ ಸಂದರ್ಭದ ಬಗ್ಗೆ. ಬಟ್ಟೆ ಬದಲಿಸುವಾಗ, ಸ್ನಾನ ಮಾಡುವಾಗ, ಹೀಗೆ. ಚರ್ಚ್ ಸ್ಟ್ರೀಟಿನಲ್ಲಿ ಕಾಫಿ ಕುಡಿದು ನಡೆದು ಹೋಗುವವಳಿಗೆ ಆ ಸೆಕ್ಷನ್ ನೇರವಾಗಿ ಆಸರೆಯಾಗುವುದಿಲ್ಲ. ಇನ್ನೊಂದು ಕಡೆ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸಾರ್ವಜನಿಕ ಜಾಗದಲ್ಲಿ ಇದ್ದ ಮಾತ್ರಕ್ಕೆ ಖಾಸಗಿತನ ಕಳೆದುಹೋಗುವುದಿಲ್ಲ, ಅದು ಜಾಗಕ್ಕಲ್ಲ, ಮನುಷ್ಯರಿಗೆ ಅಂಟಿಕೊಂಡದ್ದು ಎಂಬ ಮಾತು ಆ ತೀರ್ಪಿನಲ್ಲಿದೆ. ಆ ಮಾತಿಗೂ ಬೀದಿಯ ಮೇಲಿನ ಕಾನೂನಿಗೂ ನಡುವೆ ಇನ್ನೂ ದೊಡ್ಡ ಅಂತರ ಇದೆ. ಅದನ್ನು ತುಂಬಲೇಬೇಕು.

ಆದರೆ ಕಾನೂನಿನ ಬಗ್ಗೆ ಮಾತಾಡುವಾಗ ನನಗೆ ಒಂದು ಭಯ. ಹೆಣ್ಣುಮಕ್ಕಳಿಗೆ ತೊಂದರೆ ಆಗುತ್ತದೆ ಅಂದ ತಕ್ಷಣ ಮನೆಯವರು ಏನು ಹೇಳುತ್ತಾರೆ? ಅಲ್ಲಿಗೆ ಹೋಗಬೇಡ. ಅಂಥ ಬಟ್ಟೆ ಹಾಕಬೇಡ. ಹೀಗೆ ಬೀದಿ ಖಾಲಿಯಾಗುತ್ತದೆ. ಹರಾಜುಕುವಿನಲ್ಲಿ ಆಗಿದ್ದೂ ಕೊನೆಗೆ ಅದೇ ಅಲ್ವಾ? ನೋಡುವವರು ಜಾಸ್ತಿಯಾದರು, ನೋಡಿಸಿಕೊಳ್ಳಲು ಒಪ್ಪುವವರು ಹಿಂದೆ ಸರಿದರು. ಚರ್ಚ್ ಸ್ಟ್ರೀಟಿಗೂ ಒಂದು ಹೊಕೊತೆನ್ ಇತ್ತು. 2020ರ ನವೆಂಬರಿನಿಂದ ಕೆಲವು ತಿಂಗಳು ಶನಿವಾರ-ಭಾನುವಾರ ಅಲ್ಲಿ ವಾಹನ ಬಿಡಲಿಲ್ಲ. ಕಲ್ಲುಹಾಸಿನ ಮೇಲೆ ಜನ ಕೂತು ಹಾಡಿದರು. ಹುಬ್ಬಳ್ಳಿಯಿಂದ, ಹಾಸನದಿಂದ ಬಂದು ಪಿಜಿಯಲ್ಲಿ ಇರುವ ಎಷ್ಟೋ ಹುಡುಗಿಯರಿಗೆ ತಮಗೆ ಇಷ್ಟವಾದ ಬಟ್ಟೆ ಹಾಕಿಕೊಂಡು ಸುಮ್ನೆ ನಡೆಯಲು ಇರುವ ಕೆಲವೇ ಬೀದಿಗಳಲ್ಲಿ ಅದೂ ಒಂದು. ಅದು ಉಳಿಯಬೇಕು.

ಹರಾಜುಕು ಸತ್ತಿಲ್ಲ. ‘ಹರಾಜುಕು ಫ್ಯಾಷನ್ ವಾಕ್’ ಹೆಸರಿನಲ್ಲಿ ಅಲಂಕಾರ ಮಾಡಿಕೊಂಡವರು ಗುಂಪಾಗಿ ಸೇರಿ ನಡೆಯುತ್ತಾರೆ. ಗುಂಪಿನಲ್ಲಿ ಇದ್ದರೆ ಧೈರ್ಯ. ಹಳೇ ಬಟ್ಟೆಯ ಹುಚ್ಚಿರುವವರು ಟೋಕಿಯೊದ ಶಿಮೊಕಿತಝಾವ, ಕೊಎಂಜಿ ಕಡೆ ಹೋಗುತ್ತಾರೆ. ಅಲ್ಲಿ ಸೆಕೆಂಡ್ ಹ್ಯಾಂಡ್ ಅಂಗಡಿಗಳು ಸಾಲಾಗಿವೆ.

ಕೊಎಂಜಿಯ ಅಂಥ ಒಂದು ಅಂಗಡಿಯಲ್ಲಿ ನನ್ನನ್ನೇ ಒಬ್ಬಳು ನೋಡಿದಳು. ನಾನು ಗುಳೇದಗುಡ್ಡದ ಖಣದಲ್ಲಿ ಹೊಲಿಸಿದ ಜಾಕೆಟ್ ಹಾಕಿದ್ದೆ. ಮೈತುಂಬ ಸಣ್ಣ ಬುಟ್ಟಾ, ತೋಳಿಗೆ ಅಂಚು ಬರುವ ಹಾಗೆ ಹೊಲಿಗೆ. ಕೌಂಟರಿನ ಹುಡುಗಿ ಎದ್ದು ಬಂದು, ತಲೆ ಬಾಗಿಸಿ, ಬೆರಳಿನಿಂದ ಬಟ್ಟೆ ತೋರಿಸಿ, ಮುಟ್ಟಬಹುದಾ ಅಂತ ಸನ್ನೆಯಲ್ಲೇ ಕೇಳಿದಳು. ನಾನು ಹೂಂ ಅಂದ ಮೇಲೆ ಅಂಚನ್ನು ತಿರುಗಿಸಿ ಹಿಂಬದಿಯ ನೂಲು ನೋಡಿದಳು. ಬಟ್ಟೆ ಗೊತ್ತಿದ್ದವರು ನೋಡುವ ರೀತಿ ಅದು. ಫೋನಿನಲ್ಲಿ ಭಾಷಾಂತರ ಮಾಡಿಕೊಂಡು ಹತ್ತು ನಿಮಿಷ ಮಾತಾಡಿದೆವು. ಬಾಗಲಕೋಟೆ ಎಲ್ಲಿ, ಕೈಮಗ್ಗದಲ್ಲಿ ನೇಯುತ್ತಾರಾ, ನಿಮ್ಮ ಕಡೆ ಇದನ್ನು ಹೀಗೇ ಹಾಕುತ್ತಾರಾ. ಇಲ್ಲ, ನಮ್ಮಲ್ಲಿ ಇದು ಇಳಕಲ್ ಸೀರೆಯ ಮೇಲೆ ಹಾಕುವ ಕುಪ್ಪಸದ ಬಟ್ಟೆ, ಜಾಕೆಟ್ ಮಾಡಿಸಿದ್ದು ನನ್ನ ಆಸೆಗೆ ಅಂದೆ. ಅವಳು ಗುಳೇದಗುಡ್ಡ ಅಂತ ನನ್ನ ಕೈಯಲ್ಲೇ ಒಂದು ಚೀಟಿಯ ಮೇಲೆ ಬರೆಸಿಕೊಂಡಳು. ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ. ನೋಡಿಸಿಕೊಳ್ಳುವುದು ಇಷ್ಟು ಖುಷಿ ಕೊಡಬಹುದು ಅಂತ ನನಗೆ ಗೊತ್ತಿರಲಿಲ್ಲ.

ವಾಪಸ್ ಬಂದ ಮೇಲೆ ನಾನು ಸಣ್ಣ ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಈಗ ಮೊದಲು ಮಾತಾಡಿಸುತ್ತೇನೆ. ಹೋದ ತಿಂಗಳು ಚರ್ಚ್ ಸ್ಟ್ರೀಟಿನಲ್ಲಿ ಒಬ್ಬಾಕೆ ಬಿಳಿ ಪಂಚೆಯನ್ನು ಪ್ಯಾಂಟಿನ ಹಾಗೆ ಹೊಲಿಸಿಕೊಂಡು ನಡೆದು ಹೋಗುತ್ತಿದ್ದರು. ಪಂಚೆಯ ಅಂಚು ಸರಿಯಾಗಿ ಪಕ್ಕದ ಹೊಲಿಗೆಯ ಮೇಲೇ ಇಳಿದಿತ್ತು.

“ರೀ, ಒಂದ್ನಿಮಿಷ. ಇದು ತುಂಬ ಚೆನ್ನಾಗಿದೆ. ಎಲ್ಲಿ ಹೊಲಿಸಿದ್ರಿ? ಒಂದು ಫೋಟೊ ತೆಗೀಬಹುದಾ?”

ಅವರು ಒಂದು ಕ್ಷಣ ಯೋಚಿಸಿದರು.

“ಫೋಟೊ ಬೇಡ ಕಣ್ರೀ. ಬೇಕಾದ್ರೆ ಟೈಲರ್ ನಂಬರ್ ಕೊಡ್ತೀನಿ, ಬರ್ಕೊಳ್ಳಿ. ಮಲ್ಲೇಶ್ವರದಲ್ಲಿದಾರೆ. ಅಂಚು ಪಕ್ಕಕ್ಕೆ ಬರ್ಬೇಕು ಅಂತ ಮೊದಲೇ ಹೇಳಿ, ಇಲ್ಲಾಂದ್ರೆ ಕೆಳಗೆ ಹಾಕ್ಬಿಡ್ತಾರೆ.”

ಬರೆದುಕೊಂಡೆ.